ಐಎಸ್‌ಇ ಓದಿ ಸೇನೆಗೆ ಸೇರಿದರೆ ಕೋಡಿಂಗ್ ಕೆಲಸ ಸಿಗುತ್ತಾ?

ಹಾಸನದ ಹುಡುಗಿ:
ನಾನು ಐಎಸ್‌ಇ (ಇನ್ಫರ್ಮೇಷನ್ ಸೈನ್ಸ್ ಎಂಜಿನಿಯರಿಂಗ್) ಆರನೇ ಸೆಮ್. ಎನ್‌ಸಿಸಿ ‘ಬಿ’ ಸರ್ಟಿಫಿಕೇಟ್ ಆಗಿದೆ. ಕ್ಲಾಸಿನವರೆಲ್ಲ ಪ್ಲೇಸ್‌ಮೆಂಟ್‌ಗೆ ಲೀಟ್‌ಕೋಡ್ (ಕೋಡಿಂಗ್ ಅಭ್ಯಾಸದ ವೆಬ್‌ಸೈಟ್) ಹಿಡ್ಕೊಂಡು ಕೂತಿದಾರೆ, ನನ್ನ ಮನಸ್ಸು ಯೂನಿಫಾರ್ಮ್ ಕಡೆಗಿದೆ. ಆದ್ರೆ ಪ್ರೋಗ್ರಾಮಿಂಗ್ ಬಿಡೋಕೂ ಇಷ್ಟ ಇಲ್ಲ. ಅಮ್ಮಂದು ಒಂದೇ ಮಾತು: "ಹತ್ತು ವರ್ಷ ದುಡಿಸ್ಕೊಂಡು ಮನೆಗೆ ಕಳಿಸಿದ್ರೆ ಏನ್ ಮಾಡ್ತೀಯ?" ಡಿಗ್ರಿ ಮುಗಿಯೋದ್ರೊಳಗೆ ಏನೇನು ತಯಾರಿ ಮಾಡ್ಕೋಬೇಕು? ಒಳಗಿದ್ದು ಬಂದವರು ಯಾರಾದ್ರೂ ಹೇಳಿ.

ಸಿಗ್ನಲ್ಸ್‌ನಲ್ಲಿದ್ದವ:
ತಂಗಿ, ನಾನು ಸೇನೆಯ ಸಂವಹನ ವಿಭಾಗವಾದ ಕೋರ್ ಆಫ್ ಸಿಗ್ನಲ್ಸ್‌ನಲ್ಲಿ ಶಾರ್ಟ್ ಸರ್ವಿಸ್, ಅಂದ್ರೆ ಸೀಮಿತ ಅವಧಿಯ ಅಧಿಕಾರಿ ಸೇವೆ, ಮುಗಿಸಿ ಬಂದವನು. ಈಗ ಬೆಂಗಳೂರಲ್ಲಿ ನೆಟ್‌ವರ್ಕ್ ಸೆಕ್ಯುರಿಟಿ ಕೆಲಸ.

ಅಲ್ಲಿ ನೀನು ಮೊದಲು ಅಧಿಕಾರಿ, ಆಮೇಲೆ ಎಂಜಿನಿಯರ್. ಲಡಾಖ್‌ನಲ್ಲಿ ಚಳಿಗಾಲದ ಒಂದು ರಾತ್ರಿ ನಮ್ಮ ಫೈಬರ್ ಕೇಬಲ್ ಕಟ್ಟಾಯ್ತು. ಕೂದಲೆಳೆಯಂಥ ಎಳೆಗಳನ್ನ ಜೋಡಿಸೋಕೆ ಹುಡುಗರು ಗ್ಲೌಸ್ ಬಿಚ್ಚಲೇಬೇಕು, ಬಿಚ್ಚಿದ ಸ್ವಲ್ಪ ಹೊತ್ತಿಗೇ ಬೆರಳು ಮರಗಟ್ಟುತ್ತೆ. ಯಾರನ್ನ ಎಷ್ಟು ಹೊತ್ತು ಹೊರಗೆ ಕೂರಿಸ್ಬೇಕು, ಯಾವಾಗ ಒಳಗೆ ಕರೀಬೇಕು ಅನ್ನೋದನ್ನ ನಾನು ತೀರ್ಮಾನಿಸ್ಬೇಕಿತ್ತು. ಪಕ್ಕದಲ್ಲಿ ನಿಂತಿದ್ದ ಸುಬೇದಾರ್ ಸಾಹೇಬ್ರಿಗೆ ಆ ಕೇಬಲ್ ಬಗ್ಗೆ ನನಗಿಂತ ಹೆಚ್ಚು ಗೊತ್ತಿತ್ತು. ಅಂಥವರನ್ನ ಕೇಳಿ ಕಲಿಯೋ ಗುಣ ನಿನ್ನಲ್ಲಿ ಇರಬೇಕು.

ಇನ್ನು ಕೋಡಿಂಗ್. ಸೇನೆಯ ಒಳ ನೆಟ್‌ವರ್ಕ್‌ನಲ್ಲಿ ಇಂಟರ್ನೆಟ್ ಇರಲ್ಲ. ಎರರ್ ಬಂದ ತಕ್ಷಣ ಗೂಗಲ್ ಮಾಡೋಕಾಗಲ್ಲ, ಫೋನ್ ಹೊರಗಿಟ್ಟೇ ಒಳಗೆ ಹೋಗಿರ್ತೀಯ. ಹಾಗಾಗಿ ವೈಫೈ ಆಫ್ ಮಾಡಿ, ಲಿನಕ್ಸ್ ಮ್ಯಾನ್ ಪೇಜ್ (ಸಿಸ್ಟಮ್ ಒಳಗೇ ಇರೋ ಕೈಪಿಡಿ) ಓದ್ಕೊಂಡೇ ಪೈಥಾನ್‌ನಲ್ಲಿ ಒಂದು ಲಾಗ್ ಪಾರ್ಸರ್ (ಸಿಸ್ಟಮ್ ದಾಖಲೆಗಳಿಂದ ಬೇಕಾದ ಮಾಹಿತಿ ಹೆಕ್ಕೋ ಪ್ರೋಗ್ರಾಂ) ಪೂರ್ತಿ ಬರೆದು ನೋಡು. ಇದನ್ನ ಅಭ್ಯಾಸ ಮಾಡ್ಕೊಂಡ್ರೆ ಬೇರೆ ಕೋರ್ಸ್‌ಗಳಿಗಿಂತ ಹೆಚ್ಚು ಉಪಯೋಗ ಅಂತ ನನ್ನ ನಂಬಿಕೆ. ರಕ್ಷಣಾ ಸಚಿವಾಲಯ 2023ರಲ್ಲಿ ಉಬುಂಟು ಲಿನಕ್ಸ್ ಆಧಾರಿತ ‘ಮಾಯಾ’ ಓಎಸ್‌ಗೆ ಬದಲಾಗೋಕೆ ಶುರುಮಾಡಿದೆ, ಲಿನಕ್ಸ್ ಕಲಿತದ್ದು ದಂಡ ಆಗಲ್ಲ.

ಎಂಜಿನಿಯರ್‌ಗಳು ಶಾರ್ಟ್ ಸರ್ವಿಸ್‌ಗೆ ಸೇರೋ ದಾರಿ ಎಸ್‌ಎಸ್‌ಸಿ ಟೆಕ್ (ಶಾರ್ಟ್ ಸರ್ವಿಸ್ ಕಮಿಷನ್, ಟೆಕ್ನಿಕಲ್). ಅದಕ್ಕೆ ಲಿಖಿತ ಪರೀಕ್ಷೆ ಇಲ್ಲ. ಎಂಜಿನಿಯರಿಂಗ್ ಅಂಕ ನೋಡಿ ಶಾರ್ಟ್‌ಲಿಸ್ಟ್ ಮಾಡ್ತಾರೆ, ಆಮೇಲೆ ಐದು ದಿನದ ಎಸ್‌ಎಸ್‌ಬಿ, ಅಂದ್ರೆ ಅಧಿಕಾರಿಗಳ ಆಯ್ಕೆಯ ಸಂದರ್ಶನ, ಪರೀಕ್ಷೆಗಳು. ನಮ್ಮ ಬೆಂಗಳೂರಿನ ಕಬ್ಬನ್ ರೋಡಲ್ಲೇ ಒಂದು ಸೆಂಟರ್ ಇದೆ. ವರ್ಡ್ ಅಸೋಸಿಯೇಷನ್ ಟೆಸ್ಟಲ್ಲಿ 60 ಪದ, ಪದ ನೋಡಿ ಹೊಳೆದ ವಾಕ್ಯ ಬರೆಯೋಕೆ ಒಂದೊಂದಕ್ಕೆ 15 ಸೆಕೆಂಡ್. ಗೈಡಿನ ವಾಕ್ಯ ಬಾಯಿಪಾಠ ಮಾಡಿ ಹೋಗಬೇಡ. ಸೆಲೆಕ್ಟ್ ಆದ್ರೆ 49 ವಾರ ತರಬೇತಿ, ಸಿಗ್ನಲ್ಸ್ ಸಿಕ್ಕರೆ ಆಮೇಲಿನ ತರಬೇತಿ ಮಧ್ಯಪ್ರದೇಶದ ಮಹೂನಲ್ಲಿ.

ಅಮ್ಮನಿಗೆ ಹೇಳು: 10 ವರ್ಷದ ನಂತರ ಇನ್ನೂ 4 ವರ್ಷ ವಿಸ್ತರಣೆ ಕೇಳಬಹುದು. 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹೆಣ್ಣುಮಕ್ಕಳಿಗೂ ಪರ್ಮನೆಂಟ್ ಕಮಿಷನ್ (ನಿವೃತ್ತಿವರೆಗಿನ ಸೇವೆ) ದಾರಿ ತೆರೆದಿದೆ. ಎಲ್ಲರಿಗೂ ಸಿಗಲ್ಲ, ಆದ್ರೆ ಅವಕಾಶ ಇದೆ.

ಸಿ ವಿ ರಾಮನ್ ನಗರದವ:
ದಿನವಿಡೀ ಕೋಡೇ ಬರೀಬೇಕು ಅನ್ನೋದಾದ್ರೆ ಯೂನಿಫಾರ್ಮ್ ಇಲ್ಲದ ದಾರಿಯೂ ಇದೆ. ಗೇಟ್ (ಎಂಜಿನಿಯರಿಂಗ್ ಪದವೀಧರರ ರಾಷ್ಟ್ರೀಯ ಪರೀಕ್ಷೆ) ಬರೆದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಸೈಂಟಿಸ್ಟ್ ‘ಬಿ’ ಹುದ್ದೆಗೆ ಅರ್ಜಿ ಹಾಕಿ. ನಮ್ಮ ಏರಿಯಾದಲ್ಲಿರೋ ಡಿಆರ್‌ಡಿಒದ ಕೇರ್ (CAIR) ಲ್ಯಾಬ್ ಕೃತಕ ಬುದ್ಧಿಮತ್ತೆ, ಸುರಕ್ಷಿತ ಸಂವಹನದ ಮೇಲೇ ಕೆಲಸ ಮಾಡುತ್ತೆ. ಯೂನಿಫಾರ್ಮೂ ಬೇಕು ಅಂದ್ರೆ ಎಎಫ್‌ಕ್ಯಾಟ್ (ವಾಯುಪಡೆ ಅಧಿಕಾರಿಗಳ ಪ್ರವೇಶ ಪರೀಕ್ಷೆ) ಬರೆದು ಟೆಕ್ನಿಕಲ್ ಬ್ರಾಂಚ್ ನೋಡಿ. ಹೈದರಾಬಾದ್ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿ ಆದ್ಮೇಲೆ ತರಬೇತಿ ನಮ್ಮ ಜಾಲಹಳ್ಳಿಯಲ್ಲೇ.

ಹಾಸನದ ಹುಡುಗಿ:
ತುಂಬಾ ಥ್ಯಾಂಕ್ಸ್. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಎಸ್‌ಎಸ್‌ಬಿಯ ಗ್ರೂಪ್ ಡಿಸ್ಕಷನ್‌ಗೆ ಏನ್ ಮಾಡ್ಲಿ, ಇಂಗ್ಲಿಷ್ ತಡವರಿಸುತ್ತೆ ಸರ್.

ಸಿಗ್ನಲ್ಸ್‌ನಲ್ಲಿದ್ದವ:
ನನ್ನದೂ ಕನ್ನಡ ಮೀಡಿಯಂ. ಚಿಕ್ಕ ವಾಕ್ಯದಲ್ಲಿ ಮಾತಾಡು, ಇನ್ನೊಬ್ಬರ ಮಾತು ಪೂರ್ತಿ ಕೇಳು. ಎನ್‌ಸಿಸಿ ಗೆಳತಿಯರ ಜೊತೆ ಸಂಜೆ ಹೊತ್ತು ಪೇಪರಿನ ಒಂದು ಸುದ್ದಿ ಹಿಡಿದು ಇಂಗ್ಲಿಷ್‌ನಲ್ಲೇ ಚರ್ಚೆ ಮಾಡಿ. ಫೈನಲ್ ಇಯರ್‌ನವರೂ ಅರ್ಜಿ ಹಾಕಬಹುದು, ‘ಸಿ’ ಸರ್ಟಿಫಿಕೇಟ್ ಪರೀಕ್ಷೆಯನ್ನೂ ಬಿಡಬೇಡ. ಬೆಳಗ್ಗಿನ ಓಟ ನಾಳೆಯಿಂದಲೇ ಶುರುಮಾಡು.