ಸಿ++: ಉಪಕ್ಲಾಸ್‌ನಲ್ಲಿ ಹೊಸ ಓವರ್‌ಲೋಡ್ ಬರೆದೊಡನೆ ಮೂಲ ಕ್ಲಾಸ್‌ನ ಫಂಕ್ಷನ್‌ಗಳು ಸಿಗುತ್ತಿಲ್ಲ

ಪ್ರಶ್ನೆ

ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ಯಾರಾದರೂ ನೋಡಿ ಹೇಳಿ. ‘ಮುದ್ರಕ’ ಎಂಬ ಮೂಲ ಕ್ಲಾಸ್‌ನಲ್ಲಿ ‘ಮುದ್ರಿಸು’ ಫಂಕ್ಷನ್ ಎರಡು ಬಗೆಯಲ್ಲಿದೆ (ಓವರ್‌ಲೋಡ್, ಅಂದರೆ ಹೆಸರು ಒಂದೇ, ಕೊಡುವ ಬೆಲೆಯ ಬಗೆ ಬೇರೆ): ಒಂದಕ್ಕೆ ಇಂಟ್ (ಪೂರ್ಣಾಂಕ) ಕೊಡಬೇಕು, ಇನ್ನೊಂದಕ್ಕೆ ಸ್ಟ್ರಿಂಗ್ (ಪಠ್ಯ). ಅದನ್ನು ಇನ್‌ಹೆರಿಟ್ ಮಾಡಿದ ಉಪಕ್ಲಾಸ್‌ನಲ್ಲಿ, ಡಬಲ್ (ದಶಮಾಂಶ ಸಂಖ್ಯೆ) ತೆಗೆದುಕೊಂಡು ಎರಡು ದಶಮಾಂಶ ಸ್ಥಾನಗಳವರೆಗೆ ಮುದ್ರಿಸುವ ಮೂರನೆಯ ‘ಮುದ್ರಿಸು’ ಬರೆದೆ. ಈಗ ಉಪಕ್ಲಾಸ್‌ನ ಆಬ್ಜೆಕ್ಟ್‌ನಲ್ಲಿ 7 ಕೊಟ್ಟು ಕರೆದರೆ ‘7.00’ ಬರುತ್ತಿದೆ. ಸ್ಟ್ರಿಂಗ್ ಕೊಟ್ಟರಂತೂ ಕಂಪೈಲ್ ಆಗುವುದೇ ಇಲ್ಲ. ಜಾವಾದಲ್ಲಿ ಇಂಥದ್ದೇ ರಚನೆ ಸರಿಯಾಗಿ ನಡೆಯುತ್ತಿತ್ತು. ಮೂಲ ಕ್ಲಾಸ್‌ನ ಫಂಕ್ಷನ್‌ಗಳು ಎಲ್ಲಿ ಹೋದವು?

ಉತ್ತರ

ಎಲ್ಲಿಗೂ ಹೋಗಿಲ್ಲ, ಮರೆಯಾಗಿವೆ. ಕಂಪೈಲರ್ ಮೊದಲು ಹುಡುಕುವುದು ಹೆಸರನ್ನು ಮಾತ್ರ. ಯಾವ ಓವರ್‌ಲೋಡ್ ಹೊಂದುತ್ತದೆ ಎಂದು ನೋಡುವುದು ಆಮೇಲೆ. ‘ಮುದ್ರಿಸು’ ಎಂಬ ಹೆಸರು ಉಪಕ್ಲಾಸ್‌ನಲ್ಲೇ ಸಿಕ್ಕಿಬಿಟ್ಟರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ, ಮೂಲ ಕ್ಲಾಸ್‌ವರೆಗೆ ಹೋಗುವುದೇ ಇಲ್ಲ. ಕಂಪೈಲರ್‌ನ ಕೈಯಲ್ಲಿ ಉಳಿದದ್ದು ಡಬಲ್‌ನ ಫಂಕ್ಷನ್ ಒಂದೇ. ನಿಮ್ಮ 7 ಡಬಲ್ ಆಗಿ ಬದಲಾಗಬಲ್ಲದು, ಬದಲಾಯಿತು. ಸ್ಟ್ರಿಂಗ್ ಬದಲಾಗಲಾರದು, ದೋಷ ಬಂತು. ಜಾವಾ ಇನ್‌ಹೆರಿಟ್ ಆದ ಓವರ್‌ಲೋಡ್‌ಗಳನ್ನೂ ಸೇರಿಸಿಕೊಂಡು ಆರಿಸುತ್ತದೆ, ಅದಕ್ಕೇ ಅಲ್ಲಿ ತೊಂದರೆಯಾಗಲಿಲ್ಲ.

ಉಪಕ್ಲಾಸ್‌ನ ಪಬ್ಲಿಕ್ ಭಾಗದಲ್ಲಿ ಈ ಸಾಲು ಸೇರಿಸಿ, ಆಗ ಮೂಲ ಕ್ಲಾಸ್‌ನ ‘ಮುದ್ರಿಸು’ಗಳೂ ಉಪಕ್ಲಾಸ್‌ನಲ್ಲಿ ಕಾಣುತ್ತವೆ:

ಯೂಸಿಂಗ್ ಮುದ್ರಕ::ಮುದ್ರಿಸು;

(ಕೋಡ್‌ನಲ್ಲಿ ‘ಯೂಸಿಂಗ್’ ಎಂಬ ಕೀವರ್ಡ್ using ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ.) ಪಬ್ಲಿಕ್ ಭಾಗ ಎಂದದ್ದನ್ನು ಗಮನಿಸಿ. ಇದೇ ಸಾಲು ಪ್ರೈವೇಟ್ ಭಾಗದಲ್ಲಿ ಬಿದ್ದರೆ ಹೊರಗಿನಿಂದ ಕರೆಯಲು ಬಾರದು.

ಈ ನಿಯಮದ ಮೇಲೆ ಸಿಟ್ಟು ಬರುವುದು ಸಹಜ, ಆದರೆ ನನಗೆ ಇದು ಸರಿಯೆನಿಸುತ್ತದೆ. ದೂರದ ಮೂಲ ಕ್ಲಾಸ್‌ಗೆ ನಾಳೆ ಯಾರೋ ಒಂದು ಓವರ್‌ಲೋಡ್ ಸೇರಿಸಿದರೆ, ನೀವು ಮುಟ್ಟದೆಯೇ ನಿಮ್ಮ ಕರೆ ಅತ್ತ ಹೊರಳಬಾರದು.

ಕೇಳಿದವರು

ತುಂಬಾ ಧನ್ಯವಾದ. ಈಗ 7 ಕೊಟ್ಟರೆ ‘7’ ಬರುತ್ತಿದೆ, ಸ್ಟ್ರಿಂಗ್ ಕೂಡ ಸರಿಯಾಯಿತು. ಆದರೆ ಇನ್ನೊಂದು ಕಡೆ ಲಾಂಗ್ (ಇದೂ ಒಂದು ಪೂರ್ಣಾಂಕ) ಬಗೆಯ ವೇರಿಯಬಲ್ ಕೊಡುತ್ತಿದ್ದೆ. ಇದುವರೆಗೆ ಕಂಪೈಲ್ ಆಗುತ್ತಿದ್ದ ಆ ಸಾಲಿನಲ್ಲಿ ಈಗ ‘ಕರೆ ಅಸ್ಪಷ್ಟ’ ಎಂಬ ದೋಷ!

ಉತ್ತರ

ಲಾಂಗ್ ಅನ್ನು ಇಂಟ್ ಮಾಡುವುದೂ ಡಬಲ್ ಮಾಡುವುದೂ ಒಂದೇ ದರ್ಜೆಯ ಪರಿವರ್ತನೆ. ಈಗ ಎರಡೂ ಫಂಕ್ಷನ್‌ಗಳು ಕಾಣುವುದರಿಂದ ಕಂಪೈಲರ್ ಯಾವುದನ್ನೂ ಆರಿಸಲಾರದು. ಮೊದಲು ಆ ಬೆಲೆ ಸದ್ದಿಲ್ಲದೆ ಡಬಲ್ ಆಗುತ್ತಿತ್ತು. ಲಾಂಗ್ 64 ಬಿಟ್‌ನದಾಗಿದ್ದರೆ, ಸಾಮಾನ್ಯ ಡಬಲ್‌ನ ನಿಖರತೆ 53 ಬಿಟ್ ಮಾತ್ರವಾದ್ದರಿಂದ, ದೊಡ್ಡ ಸಂಖ್ಯೆಗಳ ಕೊನೆಯ ಅಂಕಿಗಳು ತಪ್ಪಿಹೋಗಿರಬಹುದು. ಹಳೆಯ ಫಲಿತಾಂಶಗಳನ್ನು ಒಮ್ಮೆ ಪರೀಕ್ಷಿಸಿ. ಮೂಲ ಕ್ಲಾಸ್‌ನಲ್ಲಿ ಲಾಂಗ್‌ಗೇ ಒಂದು ‘ಮುದ್ರಿಸು’ ಬರೆಯಿರಿ. ಯೂಸಿಂಗ್ ಸಾಲು ಅದನ್ನೂ ತರುತ್ತದೆ.

ಮುಂದೆ ಇವನ್ನು ವರ್ಚುವಲ್ (ಉಪಕ್ಲಾಸ್ ಬದಲಿಸಬಹುದಾದ ಫಂಕ್ಷನ್) ಮಾಡಿ, ಉಪಕ್ಲಾಸ್‌ನಲ್ಲಿ ಒಂದನ್ನಷ್ಟೇ ಓವರ್‌ರೈಡ್ ಮಾಡಿದರೂ (ಅಂದರೆ ಬದಲಿ ಬರೆದರೂ) ಉಳಿದವು ಹೀಗೆಯೇ ಮರೆಯಾಗುತ್ತವೆ. ಆಗಲೂ ಆ ಸಾಲನ್ನು ತೆಗೆಯಬೇಡಿ.