ಪಾಸ್ಟರ್ ಇಲ್ಲ, ಗಂಟೆ ಇಲ್ಲ – ಇದನ್ನು ಚರ್ಚ್ ಅನ್ನಬಹುದಾ?

ಧಾರವಾಡದ ಮಗಳು:
ನನ್ನ ತವರು ಧಾರವಾಡ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಲ್ಲಿ ಬಂದ ಊರು. ಹುಟ್ಟಿದಾಗಿನಿಂದ ಗಂಟೆಯ ಸದ್ದು, ಅಯ್ಯನವರ (ನಮ್ಮಲ್ಲಿ ಪಾಸ್ಟರಿಗೆ ಹಾಗನ್ನುತ್ತೇವೆ) ಬಿಳಿ ನಿಲುವಂಗಿ, ಅಚ್ಚಾದ ಆರಾಧನಾ ಕ್ರಮ ಇವೇ ರೂಢಿ. ಈಗ ಮದುವೆಯಾಗಿ ಬೆಟಗೇರಿಗೆ ಬಂದಿದ್ದೇನೆ. ಗಂಡನ ಮನೆಯವರು ಬ್ರದರನ್ ಎಂಬ ಕ್ರೈಸ್ತ ಪಂಗಡದ ಸಭೆಯವರು. ಒಬ್ಬರ ಮನೆ ಪಡಸಾಲೆಯಲ್ಲಿ ಕೂಡುತ್ತಾರೆ. ಹೋದ ರವಿವಾರ ಹತ್ತು ನಿಮಿಷ ಯಾರೂ ಮಾತಾಡಲೇ ಇಲ್ಲ. ಮುಂದಿನದು ಮರೆತರೇನೋ ಅಂತ ಕಣ್ಣು ತೆರೆದು ನೋಡಿದೆ! ಅತ್ತೆಯವರನ್ನು ಕೇಳೋಕೆ ಸಂಕೋಚ. ಗೊತ್ತಿದ್ದವರು ಹೇಳಿ.

ನೇಕಾರರ ಓಣಿ:
ತಂಗೀ, ಚರ್ಚ್ ಅಂದ ಕೂಡಲೇ ನಮಗೆ ಕಟ್ಟಡ ನೆನಪಾಗುತ್ತದೆ. ಕನ್ನಡ ಬೈಬಲ್ ತೆಗೆದು ನೋಡಿ, ಅಲ್ಲಿರುವ ಮಾತು ‘ಸಭೆ’. ಅಂದರೆ ಕೂಡಿದ ಜನ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಯೇಸುವಿನ ಅಪೊಸ್ತಲ ಪೌಲ, ಪ್ರಿಸ್ಕ–ಅಕ್ವಿಲರ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಕಳಿಸುತ್ತಾನೆ. ಆ ಗಂಡ-ಹೆಂಡತಿ ಗುಡಾರ ಮಾಡುವ ಕಸುಬಿನವರು.

ನಾನು ಬೆಳೆದದ್ದೂ ಕಸುಬಿನ ಮನೆಯಲ್ಲೇ. ಶನಿವಾರ ಸಂಜೆ ಅಪ್ಪ ಮಗ್ಗದ ಕುಣಿಗೆ ಹಲಗೆ ಮುಚ್ಚಿ ಜಮಖಾನೆ ಹಾಸುತ್ತಿದ್ದರು. ಅವ್ವ ಕಪ್ಪು ದ್ರಾಕ್ಷಿ ಕುದಿಸಿ ಬಿಳಿ ಅರಿವೆಯಲ್ಲಿ ಸೋಸುತ್ತಿದ್ದಳು. ಎಷ್ಟು ತೊಳೆದರೂ ಅದರ ಕಲೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಯೇಸುವಿನ ನೆನಪಿನ ಭೋಜನಕ್ಕೆ ಮೇಜಿನ ಮೇಲೆ ಒಂದೇ ರೊಟ್ಟಿ, ಆ ರಸದ ಒಂದೇ ಬಟ್ಟಲು. ಮೊದಲೇ ಚೂರು ಮಾಡಿ ಇಡುವುದಿಲ್ಲ. ಕೈಯಿಂದ ಕೈಗೆ ದಾಟಿಸಿ ಮುರಿದುಕೊಳ್ಳುತ್ತೇವೆ. ಎಲ್ಲರೂ ಒಂದೇ ದೇಹ ಅಲ್ವಾ, ಅದಕ್ಕೆ. ಪ್ರತಿ ರವಿವಾರವೂ ಇದು ತಪ್ಪುವುದಿಲ್ಲ.

ಆ ಮೌನ ಮರೆವಲ್ಲ. ಯಾರು ಎದ್ದು ಪ್ರಾರ್ಥಿಸಬೇಕು, ಯಾವ ಹಾಡು ಎಂದು ಮೊದಲೇ ಗೊತ್ತು ಮಾಡಿರುವುದಿಲ್ಲ. ಪವಿತ್ರಾತ್ಮನು ಪ್ರೇರಿಸಲಿ ಅಂತ ಕಾಯುತ್ತೇವೆ. ನಮ್ಮಲ್ಲಿ ಹಮಾಲಿ ಮಾಡುವ ಕಾಕಾ ಒಬ್ಬರಿದ್ದರು, ಮಾತೇ ಕಡಿಮೆ. ಒಮ್ಮೆ ಬಹಳ ಹೊತ್ತಿನ ಮೌನದ ನಂತರ ಎದ್ದು, “ಯೇಸಪ್ಪಾ, ನನ್ನ ಹೊರೆ ನೀ ಹೊತ್ತಿ” ಅಂದು ಕೂತರು. ಅಷ್ಟೇ. ಇವತ್ತಿಗೂ ಆ ದನಿ ನನ್ನ ಕಿವಿಯಲ್ಲಿದೆ.

ಸಂಬಳದ ಪಾಸ್ಟರ್ ಇಲ್ಲದಿದ್ದರೂ ಹಿರಿಯರು ಇರುತ್ತಾರೆ. ಕೂಸುಗಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾಡಿಸುವುದಿಲ್ಲ, ನಂಬಿದ ಮೇಲೆ ನೀರಲ್ಲಿ ಮುಳುಗಿಸಿ ಕೊಡುತ್ತಾರೆ. ನಿಮಗೆ ಚಿಕ್ಕಂದಿನಲ್ಲೇ ಆಗಿರಬೇಕು. ಅದರ ಬಗ್ಗೆ ಗಂಡನ ಜೊತೆ ಬಿಚ್ಚಿ ಮಾತಾಡಿ, ಮುಂದೂಡಬೇಡಿ.

ಹುಬ್ಬಳ್ಳಿಯ ಅಕ್ಕ:
ಅಣ್ಣಾರ ಮಾತು ಒಪ್ಪಿದೆ. ಆದರೆ ಅಚ್ಚಾದ ಪ್ರಾರ್ಥನೆಯನ್ನು ಸುಮ್ನೆ ಬಾಯಿಪಾಠ ಅಂದುಕೊಳ್ಳಬೇಡಿ. ನನ್ನವ್ವ ತೀರಿಕೊಂಡ ವಾರ ನನಗೆ ದೇವರ ಮುಂದೆ ಒಂದು ಮಾತೂ ಹೊರಡಲಿಲ್ಲ. ಪಕ್ಕದವರ ದನಿ ಹಿಡಿದು ಪುಸ್ತಕದ ಸಾಲು ಓದಿದೆ. ಅವತ್ತು ಆ ಸಾಲುಗಳೇ ನನ್ನನ್ನು ನಿಲ್ಲಿಸಿದವು.

ಧಾರವಾಡದ ಮಗಳು:
ಇಬ್ಬರಿಗೂ ವಂದನೆ. ಅತ್ತೆಯವರನ್ನು ಕೇಳಿಯೇ ಬಿಟ್ಟೆ. ಈ ಶನಿವಾರ ದ್ರಾಕ್ಷಿ ಸೋಸೋಕೆ ನನ್ನನ್ನೂ ಕರೆದಿದ್ದಾರೆ. ಅಣ್ಣಾ, ಇನ್ನೊಂದು: ಹೆಂಗಸರೂ ಎದ್ದು ಪ್ರಾರ್ಥಿಸಬಹುದಾ?

ನೇಕಾರರ ಓಣಿ:
ನಮ್ಮ ಸಭೆಯಲ್ಲಿ ಇಲ್ಲ. ಹೆಂಗಸರು ಸೆರಗು ಹೊದ್ದು ಕೂರುತ್ತಾರೆ, ಹಾಡುತ್ತಾರೆ. ಪ್ರಾರ್ಥನೆಗೆ ಏಳುವುದು ಗಂಡಸರೇ. ಕೇಳಿದರೆ ಹಿರಿಯರು, ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಎನ್ನುವ, ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯ ತೋರಿಸುತ್ತಾರೆ. ಅದೇ ಪತ್ರದ 11ನೇ ಅಧ್ಯಾಯದಲ್ಲಿ ಹೆಂಗಸರು ಪ್ರಾರ್ಥಿಸುವ ಮಾತೂ ಇದೆ. ನನಗಂತೂ ಇದು ಮನಸ್ಸಿಗೆ ಭಾರ. ಅವ್ವ ದ್ರಾಕ್ಷಿ ಸೋಸುತ್ತಾ ಓಣಿಯ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದಳು. ಅದನ್ನು ಕೇಳಿದ್ದು ಒಲೆ ಮುಂದೆ ಕೂತ ನಾನೊಬ್ಬನೇ.