ಓಲ್ಡ್ ಕೋರ್ಸ್‌ನಲ್ಲಿ ಮೊದಲ ಸುತ್ತು: ಗಾಲ್ಫ್ ತರಬೇತುದಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಹನ್ನೆರಡು ವರ್ಷಗಳಿಂದ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲಿ ಆಡುತ್ತಿದ್ದೇನೆ. ನನ್ನ ಹ್ಯಾಂಡಿಕ್ಯಾಪ್ 16, ಅಂದರೆ ಸುತ್ತಿಗೆ ನಿಗದಿತ ಹೊಡೆತಗಳಿಗಿಂತ ಸುಮಾರು 16 ಹೆಚ್ಚು. ಬರುವ ಜೂನ್‌ನಲ್ಲಿ ಸ್ಕಾಟ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗುವವನಿದ್ದು, ಅಳಿಯನ ಜೊತೆ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಆಡುವವರನ್ನು ಚೀಟಿಯೆತ್ತಿ ಆರಿಸುವ ಬ್ಯಾಲಟ್‌ಗೆ ಹೆಸರು ಕೊಡಬೇಕೆಂದಿದ್ದೇನೆ. ಹೆಸರು ಬಂದರೂ ಆಡಲು ಸಿಗುವುದು ಒಂದೇ ಸುತ್ತು. ನಮ್ಮ ಕ್ಲಬ್ಬಿನಲ್ಲಾದರೆ ಯಾವ ಹೋಲ್‌ನಲ್ಲಿ ಯಾವ ಮರದ ಯಾವ ಕೊಂಬೆಗೆ ಗುರಿಯಿಡಬೇಕೆಂದು ಕಣ್ಣುಮುಚ್ಚಿ ಹೇಳಬಲ್ಲೆ. ಅಲ್ಲಿ ಆಟದ ದಾರಿಯಲ್ಲಿ ಮರಗಳೇ ಇಲ್ಲ. ವಿಡಿಯೊಗಳನ್ನು ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಹೇಗೆ ತಯಾರಾಗಬೇಕು?

ಉತ್ತರ: ನಮಸ್ಕಾರ. ವಿಡಿಯೊಗಳನ್ನು ಸದ್ಯಕ್ಕೆ ಬದಿಗಿಡಿ. ಅವು ಚೆಂಡು ಹೋದ ದಾರಿಯನ್ನು ತೋರಿಸುತ್ತವೆಯೇ ಹೊರತು ನೆಲದ ಏರುತಗ್ಗುಗಳನ್ನಲ್ಲ. ನಿಮ್ಮ ಪ್ರವಾಸದಲ್ಲಿ ಒಂದು ಭಾನುವಾರವನ್ನು ಸೇಂಟ್ ಆಂಡ್ರ್ಯೂಸ್‌ಗಾಗಿಯೇ ಮೀಸಲಿಡಿ. ದೊಡ್ಡ ಪಂದ್ಯಾವಳಿಗಳ ದಿನಗಳನ್ನು ಬಿಟ್ಟರೆ ಭಾನುವಾರ ಅಲ್ಲಿ ಆಟವಿರುವುದಿಲ್ಲ. ಊರಿನವರು ನಾಯಿಗಳನ್ನು ಕರೆದುಕೊಂಡು ಅದೇ ಫೇರ್‌ವೇಗಳ (ಆಟ ಸಾಗುವ ಕತ್ತರಿಸಿದ ಹುಲ್ಲಿನ ದಾರಿಗಳ) ಮೇಲೆ ಅಡ್ಡಾಡುತ್ತಾರೆ, ನೀವೂ ನಡೆಯಬಹುದು. ಬ್ಯಾಲಟ್ ಆಡುವ ದಿನಕ್ಕೆ ಎರಡು ದಿನ ಮೊದಲು ನಡೆಯುವುದರಿಂದ, ಸೋಮವಾರದ ಆಟಕ್ಕೆ ಶನಿವಾರವೇ ಹೆಸರು ಕೊಟ್ಟು, ಭಾನುವಾರ ಅಂಗಳವನ್ನು ನೋಡುವುದು ನನ್ನ ಪ್ರಕಾರ ಅತ್ಯುತ್ತಮ ಕ್ರಮ. ಜೂನ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೂ ಬೆಳಕಿರುತ್ತದೆ, ಅವಸರವಿಲ್ಲ.

ಆದರೆ ಒಂದನೆಯ ಟೀಯಿಂದ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಿಂದ, ನಡೆಯಲು ಆರಂಭಿಸಬೇಡಿ. ಹದಿನೆಂಟನೆಯ ಗ್ರೀನ್‌ನಿಂದ (ಬಾವುಟವೂ ಕುಳಿಯೂ ಇರುವ ನುಣುಪು ಹುಲ್ಲಿನ ಜಾಗದಿಂದ) ಹಿಂದುಮುಂದಾಗಿ ನಡೆಯಿರಿ. ಅಪರಿಚಿತ ಅಂಗಳದಲ್ಲಿ ಟೀ ಮೇಲೆ ನಿಂತವನಿಗೆ ಕಾಣುವುದು ಅಂಗಳವನ್ನು ರೂಪಿಸಿದವರು ತೋರಿಸಬಯಸಿದ್ದು ಮಾತ್ರ. ಗ್ರೀನ್ ಬಳಿ ನಿಂತು ಟೀಯತ್ತ ತಿರುಗಿ ನೋಡಿದರೆ, ಟೀಯಿಂದ ಕಾಣದಿದ್ದ ಬಂಕರ್‌ಗಳೂ (ಮರಳಿನ ಗುಂಡಿಗಳೂ), ಚೆಂಡು ಯಾವ ಕಡೆಯಿಂದ ಸುಲಭವಾಗಿ ಉರುಳಿ ಬರುತ್ತದೆಂಬುದೂ ತಾವಾಗಿಯೇ ಗೋಚರಿಸುತ್ತವೆ. ಅಲ್ಲಿರುವ 112 ಬಂಕರ್‌ಗಳಲ್ಲಿ ಹಲವು ಟೀಯಿಂದ ಕಾಣುವುದೇ ಇಲ್ಲ. ಪ್ರತಿ ಹೋಲ್‌ಗೆ ಕಿರುಪುಸ್ತಕದಲ್ಲಿ ಎರಡೇ ಸಾಲು ಬರೆಯಿರಿ: ತಪ್ಪಿದರೆ ಯಾವ ಕಡೆ ತಪ್ಪಬೇಕು, ಗ್ರೀನ್‌ಗೆ ಯಾವ ಕಡೆಯಿಂದ ಬರಬೇಕು. ಮೂರನೆಯ ಸಾಲು ಬರೆದರೆ ಆಡುವಾಗ ಅದನ್ನು ಓದುವವರಾರು?

ಮೊದಲ ಸಾಲನ್ನು ನಾನೇ ಬರೆದುಕೊಡುತ್ತೇನೆ: ಎಡಕ್ಕೆ. ಊರಿನಿಂದ ಹೊರಕ್ಕೆ ಹೋಗುವಾಗಲೂ ಮರಳಿ ಬರುವಾಗಲೂ ಮುಳ್ಳುಪೊದೆ, ಗಡಿಗೋಡೆಗಳು ಬಹುತೇಕ ಬಲಗಡೆಗೇ ಇವೆ. ಎಡಕ್ಕೆ ಹೋದ ಚೆಂಡು ಪಕ್ಕದ ಹೋಲ್‌ನ ಫೇರ್‌ವೇಯಲ್ಲಿ ಸುಖವಾಗಿ ಕುಳಿತಿರುತ್ತದೆ. ಇದರಲ್ಲೊಂದು ಕಿತಾಪತಿಯೂ ಇದೆ. ಗ್ರೀನ್‌ಗೆ ಒಳ್ಳೆಯ ದಾರಿ ಹೆಚ್ಚಾಗಿ ಬಲದಿಂದಲೇ ಇರುವುದರಿಂದ, ಎಡಕ್ಕೆ ಹೊಡೆದಷ್ಟೂ ಎರಡನೆಯ ಹೊಡೆತ ಕಠಿಣವಾಗುತ್ತದೆ. ಹ್ಯಾಂಡಿಕ್ಯಾಪ್ 16 ಇರುವವರು ಈ ದಂಡವನ್ನು ಸಂತೋಷದಿಂದ ತೆರಬೇಕು ಎಂಬುದು ನನ್ನ ಅಭಿಪ್ರಾಯ. ಗುರಿಗೆ ಮರವಿಲ್ಲದಿದ್ದರೇನು, ಮರಳಿ ಬರುವಾಗ ಊರಿನ ಚರ್ಚ್‌ಗಳ ಗೋಪುರಗಳಿವೆ. ಯಾವ ಟೀಯಿಂದ ಯಾವ ಗೋಪುರ ಎಂಬುದನ್ನು ಭಾನುವಾರವೇ ಗುರುತಿಸಿಕೊಳ್ಳಿ, ಇಲ್ಲವೇ ಚೀಲ ಹೊತ್ತು ದಾರಿ ಹೇಳುವ ಕ್ಯಾಡಿಯನ್ನು ಕೇಳಿ. ಕ್ಯಾಡಿಗೆ ಕೊಡುವ ಹಣದಲ್ಲಿ ಜಿಪುಣತನ ಬೇಡ.

ಪ್ರಶ್ನೆ: ಧನ್ಯವಾದಗಳು ಸರ್. ದೂರದ ಲೆಕ್ಕದ ಬಗ್ಗೆ ಒಂದು ಅನುಮಾನ. ಇಲ್ಲಿ ನನ್ನ 7 ಐರನ್ ಕೋಲಿನಿಂದ ಚೆಂಡು 150 ಗಜ ಹೋಗುತ್ತದೆ. ಅಲ್ಲಿಯೂ ಅದನ್ನೇ ನಂಬಬಹುದೇ?

ಉತ್ತರ: ನಂಬಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದ್ದು, ಇಲ್ಲಿನ ತೆಳು ಗಾಳಿಯಲ್ಲಿ ಚೆಂಡು ಶೇಕಡಾ 3ರಿಂದ 4ರಷ್ಟು ಹೆಚ್ಚು ದೂರ ಹಾರುತ್ತದೆ. ಕಡಲಂಚಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ನಿಮ್ಮ 150 ಗಜ ಸುಮಾರು 145 ಆಗುತ್ತದೆ. ಚಳಿ ಇದ್ದರೆ ಇನ್ನೂ ಕಡಿಮೆ. ಎದುರುಗಾಳಿ ಬೀಸಿದರೆ ಈ ಲೆಕ್ಕವೆಲ್ಲ ಮಣ್ಣುಪಾಲು, ಅದೇ 145 ಗಜಕ್ಕೆ ಇನ್ನೂ ದೂರ ಹೊಡೆಯುವ 5 ಐರನ್ ಹಿಡಿಯಬೇಕಾದೀತು. ಹಾರುವುದು ಕಡಿಮೆಯಾದರೂ ಗಟ್ಟಿ ನೆಲದ ಮೇಲೆ ಚೆಂಡು ಉರುಳುವುದು ಬಹಳ. ಆದ್ದರಿಂದ ಹೊರಡುವ ಮುನ್ನ ಒಂದು ತಿಂಗಳು ಬೇರೆಲ್ಲ ಬಿಟ್ಟು ಎರಡು ಹೊಡೆತಗಳನ್ನು ಅಭ್ಯಾಸ ಮಾಡಿ: 7 ಅಥವಾ 8 ಐರನ್‌ನಿಂದ ನೆಲಕ್ಕೆ ಹತ್ತಿರವಾಗಿಯೇ ಓಡಿಸುವ ಚಿಪ್, ಮತ್ತು ಗ್ರೀನ್‌ನಿಂದ ಇಪ್ಪತ್ತು ಗಜ ಹೊರಗಿನಿಂದಲೇ ಪಟರ್ (ಚೆಂಡನ್ನು ನೆಲದ ಮೇಲೇ ಉರುಳಿಸುವ ಕೋಲು). ಬೆಂಗಳೂರಿನ ದಪ್ಪ ಹುಲ್ಲಿನಲ್ಲಿ ಪಟರ್ ಸಿಕ್ಕಿಕೊಳ್ಳುತ್ತದೆ, ಅಲ್ಲಿನ ಸಣ್ಣ ಹುಲ್ಲಿನ ಮೇಲೆ ನಿಮ್ಮನ್ನು ಕಾಪಾಡುವುದು ಅದೇ.

ದೀರ್ಘ ಪಟ್‌ಗಳಿಗೂ ಸಿದ್ಧರಾಗಿರಿ. ಅಲ್ಲಿನ ಹದಿನಾಲ್ಕು ಹೋಲ್‌ಗಳು ಏಳು ದೊಡ್ಡ ಗ್ರೀನ್‌ಗಳನ್ನು ಎರಡೆರಡಾಗಿ ಹಂಚಿಕೊಂಡಿವೆ; ಜೋಡಿಯ ಸಂಖ್ಯೆಗಳನ್ನು ಕೂಡಿದರೆ ಪ್ರತಿ ಬಾರಿಯೂ 18 ಬರುತ್ತದೆ, ಎರಡು ಮತ್ತು ಹದಿನಾರು, ಐದು ಮತ್ತು ಹದಿಮೂರು, ಹೀಗೆ. ತಪ್ಪು ಬಾವುಟದತ್ತ ಹೊಡೆದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರಿಂದ): ಸರ್, ನಡುವೆ ಪ್ರವೇಶಿಸಿದ್ದಕ್ಕೆ ಕ್ಷಮೆಯಿರಲಿ. ಇಷ್ಟೆಲ್ಲ ತಯಾರಿಯ ನಂತರವೂ ಆ ಬಂಕರ್‌ಗಳಲ್ಲಿ ಬಿದ್ದರೆ ಏನು ಮಾಡಬೇಕು?

ಉತ್ತರ: ಬೀಳುತ್ತೀರಿ. 2000ದಲ್ಲಿ ಇದೇ ಅಂಗಳದಲ್ಲಿ ನಡೆದ ಓಪನ್ ಪಂದ್ಯಾವಳಿಯಲ್ಲಿ ಟೈಗರ್ ವುಡ್ಸ್ ನಾಲ್ಕೂ ಸುತ್ತುಗಳಲ್ಲಿ ಒಂದು ಬಂಕರಿಗೂ ಬೀಳದೆ ಗೆದ್ದರು. ಅದು ನಮಗೆ ಮಾದರಿಯಲ್ಲ. ನಾನು ಮೊದಲ ಸಲ ಆಡಿದಾಗ ಹನ್ನೊಂದನೆಯ ಹೋಲ್‌ನ ಗ್ರೀನ್ ಮುಂದಿರುವ ಸ್ಟ್ರಾತ್ ಬಂಕರಿಗೆ ಬಿದ್ದೆ. ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಡೆ ಮೂಗಿಗೆ ತಾಗುವಷ್ಟು ಹತ್ತಿರ, ಬಾವುಟದ ತುದಿ ಮಾತ್ರ ಮೇಲೆ ಕಾಣುತ್ತಿತ್ತು. ಹಟ ಹಿಡಿದು ಮೂರು ಸಲ ಮುಂದಕ್ಕೇ ಹೊಡೆದೆ, ಮೂರು ಸಲವೂ ಚೆಂಡು ಗೋಡೆಗೆ ಬಡಿದು ನನ್ನ ಕಾಲ ಬುಡಕ್ಕೇ ಬಂತು. ಅಷ್ಟು ಹೊತ್ತು ಸುಮ್ಮನಿದ್ದ ಕ್ಯಾಡಿ, ಕೈಯೆತ್ತಿ ಟೀಯ ಕಡೆ ತೋರಿಸಿದ.

ಹಾಗಾಗಿ ಗೋಡೆ ಎದುರಿದ್ದರೆ ಪಕ್ಕಕ್ಕೆ, ಬೇಕಾದರೆ ಹಿಂದಕ್ಕೆ ಹೊಡೆಯಿರಿ. ಅದಕ್ಕೂ ಜಾಗವಿಲ್ಲದಿದ್ದರೆ, ಚೆಂಡನ್ನು ಆಡಲಾಗದ್ದೆಂದು ಘೋಷಿಸಿ, ಒಂದು ಹೊಡೆತದ ದಂಡ ತೆತ್ತು ಬಂಕರಿನೊಳಗೇ ಚೆಂಡನ್ನು ಬಿಟ್ಟುಕೊಳ್ಳಬಹುದು. 2019ರ ನಿಯಮದಂತೆ ಎರಡು ಹೊಡೆತಗಳ ದಂಡ ತೆತ್ತರೆ, ಬಾವುಟ ಮತ್ತು ಚೆಂಡಿನ ನೇರದಲ್ಲಿ ಹಿಂದಕ್ಕೆ ಹೋಗಿ ಬಂಕರಿನ ಹೊರಗೂ ಬಿಟ್ಟುಕೊಳ್ಳಬಹುದು. ಹದಿನೇಳನೆಯ ಹೋಲ್‌ನಲ್ಲಿ ಮಾತ್ರ ಪಟರ್ ಹಿಡಿದಾಗಲೂ ಬಂಕರಿನ ನೆನಪಿರಲಿ. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಾಕಾಜಿಮಾ ಎರಡೇ ಹೊಡೆತಗಳಲ್ಲಿ ಆ ಗ್ರೀನ್ ತಲುಪಿದ್ದರು. ಅವರ ಪಟ್ ಇಳಿಜಾರಿನಲ್ಲಿ ತಿರುಗಿ ರೋಡ್ ಬಂಕರಿಗೆ ಉರುಳಿತು, ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕಾದ (ಪಾರ್ 4ರ) ಆ ಹೋಲ್‌ಗೆ ಕೊನೆಗೆ 9 ಬರೆದುಕೊಂಡರು. ಗ್ರೀನ್ ಹಿಂದಿನ ರಸ್ತೆಯೂ ಅಂಗಳದ ಭಾಗವೇ, ಚೆಂಡು ಅಲ್ಲಿ ನಿಂತರೆ ಟಾರಿನ ಮೇಲಿಂದಲೇ ಆಡಬೇಕು. ಆದುದರಿಂದ ಅಲ್ಲಿ ಎರಡನೆಯ ಹೊಡೆತವನ್ನು ಗ್ರೀನ್‌ನ ಮುಂದೆ ಬಲಕ್ಕೆ ನಿಲ್ಲಿಸಿ, ಪಟರ್‌ನಿಂದ ಮೇಲಕ್ಕೆ ಉರುಳಿಸಿ, 5 ಬರೆದುಕೊಂಡು ಹದಿನೆಂಟರತ್ತ ನಡೆಯಿರಿ.